ಬೋಣಿಯಾಗದ ಶನಿವಾರ

ಶನಿವಾರ ಕಬ್ಬಿಣ ಕೊಳ್ಳಬಾರದು, ಎಣ್ಣೆ ಕೊಳ್ಳಬಾರದು. ಕೊಂಡರೆ ಶನಿಯನ್ನು ಕೈಹಿಡಿದು ಮನೆಗೆ ಕರೆತಂದಂತೆ. ವಾರಣಾ ನದಿಯ ದಂಡೆಯ ಊರುಗಳಲ್ಲಿ ಇದು ಯಾರೂ ಕಲಿಸದೆ ಎಲ್ಲರಿಗೂ ಬರುವ ಪಾಠ. ಆ ಶನಿವಾರಕ್ಕೆ ಅಮಾವಾಸ್ಯೆಯೂ ಕೂಡಿಬಂದಿತ್ತು. ಕಬ್ಬಿಣ ಮತ್ತು ಎಣ್ಣೆ ಬಿಟ್ಟರೆ ಹೆಚ್ಚೇನೂ ಇಲ್ಲದ ಭೂಪಾಲಣ್ಣನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ, ಕೌಂಟರಿನ ಹಿಂದೆ, ಜೋತಿರಾಮ ಗುರವ ಬೆಳಿಗ್ಗೆಯಿಂದ ಕೈ ಕಟ್ಟಿ ಕುಳಿತಿದ್ದ. ಅಗರಬತ್ತಿ ಉರಿದು ಬೂದಿಯಾಗಿತ್ತು. ಗೋಡೆಗೆ ತೂಗುಹಾಕಿದ ಫ್ಯಾನ್ ಬೆಲ್ಟುಗಳು ಗಾಳಿಗೆ ಒಂದಕ್ಕೊಂದು ತಾಗಿ ಮಾತಾಡಿಕೊಳ್ಳುತ್ತಿದ್ದವು. ಭೂಪಾಲಣ್ಣ ದೇವದರ್ಶನಕ್ಕೆಂದು ಬಾಹುಬಲಿ ಬೆಟ್ಟಕ್ಕೆ ಹೋಗಿದ್ದ. ಮಾಲಕನಿಲ್ಲದ ಅಂಗಡಿ, ಗಿರಾಕಿಯಿಲ್ಲದ ದಿನ.

ಹಿಂದಿನ ಸಂಜೆ ಮಾತ್ರ ಇದೇ ಕೌಂಟರಿನ ಮುಂದೆ ಸಂತೆ ನೆರೆದಿತ್ತು. ಕಬ್ಬಿನ ಹಂಗಾಮು. ಹಗಲೂ ರಾತ್ರಿ ಕಾರ್ಖಾನೆಗೆ ಕಬ್ಬು ಸಾಗುವ ಕಾಲ. ನಾಳೆ ಶನಿವಾರ, ನಾಳೆ ಅಮಾವಾಸ್ಯೆ ಎಂದು ನೆನೆಸಿಕೊಂಡ ಡ್ರೈವರುಗಳೆಲ್ಲ ಶುಕ್ರವಾರ ಹೊತ್ತು ಮುಳುಗುವುದರೊಳಗೆ ಬಂದು ಮುತ್ತಿದ್ದರು. ಕೆಟ್ಟ ಸಾಮಾನನ್ನೇ ಕೈಯಲ್ಲಿ ಹಿಡಿದು ತಂದು ಕೌಂಟರಿನ ಮೇಲೆ ಕುಕ್ಕುವುದು, "ಇಂಥಾದ್ದ ಕೊಡ್ರಿ" ಅನ್ನುವುದು ಅಲ್ಲಿಯ ರೂಢಿ. ಹೆಸರು ಬೇಡ, ನಂಬರು ಬೇಡ. ಹಳೆಯದರ ಪಕ್ಕಕ್ಕೆ ಹೊಸದನ್ನು ಹಿಡಿದು, ಉದ್ದ ನೋಡಿ, ದಪ್ಪ ನೋಡಿ, ಕೊಟ್ಟು ಕಳಿಸುವುದು ಜೋತಿರಾಮನ ಕೆಲಸ. ಈ ಕೌಂಟರಿನ ಹಿಂದೆಯೇ ಅವನ ತಲೆ ನೆರೆತಿತ್ತು.

"ಏನೋ ಗುರವಾ, ಕನಸಿನಾಗ ನಟ್ಟು ಮಾರಾಕತ್ತಿಯೇನು?"

ಎದುರಿನ ಚಹಾದ ಗಾಡಿಯ ದಸ್ತಗೀರ ಗ್ಲಾಸು ಹಿಡಿದು ಬಂದು ನಿಂತಿದ್ದ.

"ಕನಸಿನಾಗರ ನಾಕು ಮಂದಿ ಬರತಿದ್ರು. ನಿನ್ನ ಮಾರಿ ಕಂಡು ಅವ್ರೂ ಓಡಿಹೋದ್ರು ನೋಡು," ಎಂದು ಜೋತಿರಾಮ ಗ್ಲಾಸು ತೆಗೆದುಕೊಂಡ.

ಎರಡು ಗುಟುಕು ಚಹಾ ಒಳಗೆ ಹೋಗಿರಲಿಲ್ಲ, ಕೌಂಟರಿನ ಮೇಲೆ ಠಣ್ಣೆಂದು ಕಬ್ಬಿಣ ಬಿತ್ತು. ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಬಟ್ಟೆ, ಕಬ್ಬಿನ ಸೋಗೆ ಕೊಯ್ದ ಗೀರುಗಳಿದ್ದ ಕೈ. ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದವಳೆಂದು ನೋಡಿದರೇ ತಿಳಿಯುತ್ತಿತ್ತು. ಅವಳು ಸೆರಗಿನಿಂದ ಬಿಚ್ಚಿ ಇಟ್ಟದ್ದು ಟ್ರಾಲಿ ಜೋಡಿಸುವ ಪಿನ್ನು. ಹೆಬ್ಬೆರಳಿನಷ್ಟು ದಪ್ಪದ, ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಹೊಸ ಸರಳು.

"ದಾದಾ, ನಿನ್ನಿ ಸಂಜೀಕ ನಮ್ಮ ಮನ್ಯಾವ್ರು ಒಯ್ದಿದ್ರು. ಅಂಬಾದಾಸ ಗರ್ಜೆ ಅಂತ. ಇದು ಕೂಡಂಗಿಲ್ಲಂತ. ಸಡಿಲ ಆಗತೈತಿ. ಬದಲಿ ಕೊಡ್ರಿ."

ಜೋತಿರಾಮ ಬಿಸಿ ಹೆಂಚು ಕಂಡವನಂತೆ ಕೈ ಹಿಂದಕ್ಕೆಳೆದುಕೊಂಡ. "ಏ ಬಾಯಿ, ಮೊದ್ಲ ಅದನ್ನ ತಗಿ, ಕೆಳಗ ಇಡು! ಇನ್ನೂ ಬೋಣಿ ಆಗಿಲ್ಲ."

"ನಾ ಎಲ್ಲಿ ಬೋಣಿ ಮಾಡಾಕ ಬಂದೀನಿ? ಬದಲಿ ಕೇಳಾಕ ಬಂದೀನಿ."

"ಅದಕ್ಕ ಹೇಳಾಕತ್ತೀನಿ. ಕೊಡಂಗಿಲ್ಲ ಅಂದಿಲ್ಲ, ಕೊಡ್ತೀನಿ. ಆದ್ರ ಮೊದ್ಲ ಒಂದು ವ್ಯಾಪಾರ ಆಗ್ಲಿ. ಬೋಣಿಗಿಂತ ಮೊದ್ಲ ಕೊಟ್ಟ ಮಾಲು ತಿರಿಗಿ ತಗೊಂಡ್ರ ಆ ದಿನಾ ಪೂರಾ ಹಿಂದಕ್ಕ ಹೊಕ್ಕೈತಿ. ನಮ್ಮ ಅಣ್ಣಾನ ಅಪ್ಪನ ಕಾಲದಿಂದ ಈ ಅಂಗಡ್ಯಾಗ ಯಾರೂ ತಗೊಂಡಿಲ್ಲ."

ಅವಳು ಪಿನ್ನನ್ನು ಎತ್ತಿ ಮೆಟ್ಟಿಲ ಮೇಲಿಟ್ಟು, ರಸ್ತೆಯ ಆ ತುದಿಯಿಂದ ಈ ತುದಿಗೆ ನೋಡಿದಳು. ಒಂದು ನಾಯಿ ದಾಟಿ ಹೋಯಿತು.

"ಇವತ್ತ ಯಾರು ಬರಬೇಕು ದಾದಾ? ಶನಿವಾರ."

"ಹಂಗಾರ ನೀನ ಬೋಣಿ ಮಾಡಬಾರ್ದ? ಒಂದು ಗ್ರೀಸಿನ ಡಬ್ಬಿ ತಗೋ. ಇಲ್ಲಾ ಒಂದು ಬೋಲ್ಟು. ಟ್ರ್ಯಾಕ್ಟರ್ ಇದ್ದಾವ್ರಿಗೆ ಬೇಕಾಗೇ ಬೇಕಾಗತೈತಿ."

ಹಾವು ಹಿಡಿದವರ ಹತ್ತಿರದಿಂದ ಸರಿಯುವ ಹಾಗೆ ಅವಳು ಸರಿದಳು. "ಶನಿವಾರ ದಿನ ಕಬ್ಣ? ಅಮಾಸಿ ದಿನ ಎಣ್ಣಿ? ನನಗ ಮಕ್ಕಳು ಅದಾವ್ರಿ ದಾದಾ!"

"ಮತ್ತ ಈಗ ಬದಲಿ ಒಯ್ಯೂದು ಏನು, ಬೆಲ್ಲಾನ?"

"ಅದು ಶುಕ್ರವಾರದ ಕಬ್ಣ. ರೊಕ್ಕಾ ಶುಕ್ರವಾರ ಕೊಟ್ಟೈತಲ್ಲ. ಇವತ್ತ ಒಯ್ದರೂ ಅದು ನಿನ್ನಿದ ಲೆಕ್ಕ."

ದಸ್ತಗೀರನಿಗೆ ನಗು ತಡೆಯಲಾಗಲಿಲ್ಲ. "ಇಂವಾ ತಗೊಳ್ಳಂಗಿಲ್ಲ, ಈಕಿ ಕೊಳ್ಳಂಗಿಲ್ಲ. ನಡುವ ಶನಿಮಹಾರಾಜ ಆರಾಮ ಕಾಲು ಚಾಚಿ ಕುಂತಾನ. ನಾನರ ಒಂದು ನಟ್ಟು ಕೊಳ್ಳಲೇನೋ ಗುರವಾ? ಚಹಾದಾಗ ಹಾಕಿ ಕುದಸ್ತೀನಿ."

"ಸುಮ್ನ ಹೋಗೋ. ಬೇಕಾದಾವ ಕೊಂಡ್ರ ಬೋಣಿ. ಲಕ್ಷ್ಮೀ ಮುಂದ ನಾಟಕ ಆಡಬಾರ್ದು ಅಂತಾನ ಅಣ್ಣಾ."

ಹೆಂಗಸು ಮೆಟ್ಟಿಲ ಮೇಲೆ ಪಿನ್ನಿನ ಪಕ್ಕ ಕುಳಿತಳು. ಹೆಸರು ಮಥುರಾ ಎಂದಳು. ಟ್ರ್ಯಾಕ್ಟರು ಊರ ಹೊರಗಿನ ನಾಕಾದ ಹತ್ತಿರ ನಿಂತಿದೆಯೆಂದೂ, ಬ್ಯಾಟರಿ ಹೋಗಿರುವುದರಿಂದ ಇಂಜಿನು ನಿಲ್ಲಿಸುವ ಹಾಗಿಲ್ಲವೆಂದೂ, ಅದಕ್ಕೇ ಗಂಡ ಕೂತಲ್ಲಿಂದ ಏಳಲಾರದೆ ತನ್ನನ್ನು ಕಳಿಸಿದನೆಂದೂ ಹೇಳಿದಳು. ಹಿಂದಿನ ಊರಿನ ಕಡಿತ ಮುಗಿದಿತ್ತು. ಮುಂದಿನ ಟ್ರಾಲಿಯಲ್ಲಿ ಕಾರ್ಖಾನೆಯ ಕಬ್ಬು, ಹಿಂದಿನ ಟ್ರಾಲಿಯಲ್ಲಿ ಗುಡಿಸಲಿನ ಗಳ, ತಟ್ಟಿ, ಪಾತ್ರೆ, ಆಡು, ಕೋಳಿ, ಅತ್ತೆ, ಜೊತೆಯ ಕೂಲಿ ಹೆಂಗಸರು, ಮಕ್ಕಳು. ಈ ಪಿನ್ನು ಬೇಕಾದದ್ದು ಆ ಎರಡು ಟ್ರಾಲಿಗಳ ನಡುವಿನ ಕೊಂಡಿಗೆ.

ಜೋತಿರಾಮ ಕೇಳುತ್ತ ಕುಳಿತ. ಸಡಿಲ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಬದಲಿ ಕೇಳುವವರು ನೂರು ಕಾರಣ ಹೇಳುತ್ತಾರೆ. ಡ್ರೈವರನಿಗೆ ಬೇರೆ ಅಂಗಡಿಯದು ಕಡಿಮೆಗೆ ಸಿಕ್ಕಿರಬಹುದು, ಯಾರೋ ಏನೋ ಹೇಳಿರಬಹುದು.

ಸೈಕಲ್ಲಿನವನೊಬ್ಬ ಬಂದು ಶಿರಾಳೆಯ ದಾರಿ ಕೇಳಿ ಹೋದ. ಆಮೇಲೆ ಬಿಳಿ ಟೊಪ್ಪಿಗೆಯ ಮುದುಕನೊಬ್ಬ ಬೈಕು ನಿಲ್ಲಿಸಿ ಒಳಗೇ ಬಂದ. ಕ್ಲಚ್ ಪ್ಲೇಟಿನ ಬೆಲೆ ಕೇಳಿದ. ಜೋತಿರಾಮ ಅಟ್ಟದಿಂದ ಪೆಟ್ಟಿಗೆ ಇಳಿಸಿ ತೋರಿಸಿದ. ಮುದುಕ ಅದನ್ನು ತಿರುವಿ ನೋಡಿ, ಮೂಸಿ ನೋಡಿ, ತೂಗಿ ನೋಡಿದ.

"ಒಳ್ಳೇ ಮಾಲು ಐತ್ರಿ ಕಾಕಾ, ತಗೋರಿ," ಎಂದಳು ಮಥುರಾ, ಮೆಟ್ಟಿಲಿಂದಲೇ.

"ನೀ ಇವತ್ತ ಏನು ತಗೊಂಡಿಯವಾ?"

ಅವಳು ರಸ್ತೆಯ ಕಡೆ ಮುಖ ತಿರುಗಿಸಿಕೊಂಡಳು.

"ನಾಳಿ ಬರತೀನಿ ಗುರವಾ. ತಗದು ಇಟ್ಟಿರು," ಎಂದು ಮುದುಕ ಹೊರಟುಹೋದ.

ಅಷ್ಟರಲ್ಲಿ ನಾಕಾದ ಕಡೆಯಿಂದ ಹಾರ್ನು ಕೂಗಿತು. ಒಂದು ಸಲವಲ್ಲ, ಬಿಡದೆ ಕೂಗಿತು. ಮಥುರಾ ಎದ್ದು ಪಿನ್ನನ್ನು ಮತ್ತೆ ಸೆರಗಿಗೆ ಸುತ್ತಿಕೊಂಡಳು.

"ಇನ್ನ ಸ್ವಲ್ಪ ಇರು. ಯಾರರ ಬರತಾರ," ಎಂದ ಜೋತಿರಾಮ.

"ಎಲ್ಲಿ ಇರಲಿ? ಡೀಜಲ್ ಉರಿಯಾಕತ್ತೈತಿ, ಅವ್ರ ತಲೀನೂ ಉರಿಯಾಕತ್ತೈತಿ. ಬಿಸಿಲು ಏರೂದರಾಗ ಭೈರೋಬಾನ ಗುಡೀ ಏರು ಹತ್ತಬೇಕಂತ. ಚಿಂದಿ ಸುತ್ತಿ ಬಡೀತಾರ ತಗೋ. ನಿಮ್ಮ ಬೋಣಿ ನಿಮಗ, ನಮ್ಮ ಹಣೇಬರಾ ನಮಗ."

ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರು ಅಂಗಡಿಯ ಮುಂದಿನಿಂದಲೇ ಹಾದುಹೋಯಿತು. ಹಾಡಿನ ಪೆಟ್ಟಿಗೆ ಕಿವಿ ಕಿತ್ತುಹೋಗುವಂತೆ ಒದರುತ್ತಿತ್ತು. ಹಿಂದಿನ ಟ್ರಾಲಿಯ ತುದಿಗೆ ಒಬ್ಬ ಮುದುಕಿ, ಎದೆಗೆ ಆಡಿನ ಮರಿ ಒತ್ತಿಕೊಂಡು, ಅಂಬಾರಿಯಲ್ಲಿ ಕುಳಿತಂತೆ ಕುಳಿತಿದ್ದಳು. ಸುತ್ತ ಹೆಂಗಸರು, ಮಕ್ಕಳು. ಒಂದು ಹುಡುಗಿ ಜೋತಿರಾಮನ ಕಡೆ ನೋಡಿ ಕೈ ಬೀಸಿದಳು. ಇವನೂ ಬೀಸಿದ. ಗಾಡಿ ತಿರುವಿನಲ್ಲಿ ಮರೆಯಾಗುವಾಗ ಹಿಂದಿನ ಟ್ರಾಲಿ ತಡವಾಗಿ ಎಳೆದುಕೊಂಡಂತೆ ಜಗ್ಗಿ, ಮತ್ತೆ ಮುಂದಕ್ಕೆ ಹೋಗಿ ಗುದ್ದಿಕೊಂಡದ್ದು ಅವನ ಕಣ್ಣಿಗೆ ಬಿತ್ತು.

ಅವನ ಕೈ ತಾನಾಗಿ ಕೌಂಟರಿನ ಕೆಳಗಿನ ಗುಜರಿ ಡಬ್ಬಿಗೆ ಹೋಯಿತು. ನಿನ್ನೆ ಗರ್ಜೆ ಮಾದರಿಗೆಂದು ತಂದು ಬಿಟ್ಟುಹೋದ ಹಳೆಯ ಪಿನ್ನು ಅಲ್ಲಿಯೇ ಬಿದ್ದಿತ್ತು. ತೆಗೆದು ಬೆಳಕಿಗೆ ಹಿಡಿದ. ತಲೆಯ ಕೆಳಗೆ ದಪ್ಪ, ನಡುವಿನಲ್ಲಿ ಸೊಂಟ ಸಣ್ಣಗೆ. ಎಷ್ಟೋ ಹಂಗಾಮು ಜಗ್ಗಿ ಜಗ್ಗಿ ನಡು ಸವೆದಿತ್ತು. ನಿನ್ನೆಯ ಗದ್ದಲದಲ್ಲಿ, ಹತ್ತು ಮಂದಿ "ನನಗ ಮೊದ್ಲ, ನನಗ ಮೊದ್ಲ" ಎಂದು ಕೈ ಚಾಚುತ್ತಿರುವಾಗ, ಅವನು ಹೊಸದನ್ನು ಹೊಂದಿಸಿ ನೋಡಿದ್ದು ಈ ಸವೆದ ನಡುವಿಗೆ. ಸವೆದದ್ದಕ್ಕೆ ಸರಿಯಾಗಿ ಕೊಟ್ಟಿದ್ದ. ಕೊಂಡಿಯ ತೂತು ಇರುವುದು ತಲೆಯ ಬುಡದ ದಪ್ಪಕ್ಕೆ. ತೆಳು ಪಿನ್ನು ಆ ತೂತಿನಲ್ಲಿ ಕುಣಿಯುತ್ತದೆ, ಕುಣಿದು ಬಾಗುತ್ತದೆ, ಮೇಲೇಳದಂತೆ ಕೆಳತುದಿಗೆ ಸಿಕ್ಕಿಸಿದ ಕೀಲನ್ನು ಕತ್ತರಿಸಿಕೊಂಡು ಮೇಲಕ್ಕೆ ಹಾರುತ್ತದೆ. ಬಯಲಲ್ಲಾದರೆ ಟ್ರಾಲಿ ನಿಂತುಕೊಂಡೀತು. ಭೈರೋಬಾನ ಏರಿನಲ್ಲಾದರೆ, ಮಕ್ಕಳು ಮುದುಕಿಯ ಸಮೇತ ಹಿಮ್ಮುಖವಾಗಿ ಇಳಿಜಾರು ಹಿಡಿದು ಹೋಗುತ್ತದೆ. ಕೆಳಗೆ ಕಾಲುವೆ.

"ಯಾಕೋ, ಮಾರಿ ಸುಣ್ಣ ಆತು?" ಎಂದ ದಸ್ತಗೀರ.

"ಅಂಗಡಿ ನೋಡ್ಕೊ," ಎಂದ ಜೋತಿರಾಮ. ದಪ್ಪ ಪಿನ್ನು, ಕೀಲು, ಸುತ್ತಿಗೆ, ಮೂರನ್ನೂ ಚೀಲಕ್ಕೆ ತುರುಕಿದ. ಫೋನು ಮಾಡೋಣವೆಂದರೆ ಆ ಡ್ರೈವರನ ನಂಬರು ಯಾರಲ್ಲಿತ್ತು? ಮೊಪೆಡ್ಡನ್ನು ಓಡಿಸಿಕೊಂಡೇ ಹತ್ತಿದ.

ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಎತ್ತಿನ ಗಾಡಿಯವರನ್ನು ಬೈದು ಸರಿಸಿದ, ಬೈಸಿಕೊಂಡ. ಆ ಮೊಪೆಡ್ಡು ಎಷ್ಟು ತಿರುವಿದರೂ ತನ್ನ ಗತಿಯಲ್ಲೇ ಗುಂಯ್‌ಗುಟ್ಟುತ್ತಿತ್ತು. ಆಕೆ ಅಷ್ಟು ಹೊತ್ತು ಕಣ್ಣೆದುರೇ ಕುಳಿತಿದ್ದಳು. ಪಿನ್ನು ಕೈಯಳತೆಯಲ್ಲಿತ್ತು. ಒಂದು ಸಲ ಎತ್ತಿ ಹಿಡಿದಿದ್ದರೆ ಕೈಗೇ ತಿಳಿಯುತ್ತಿತ್ತು, ಅದು ತೆಳುವೆಂದು. ಮುಟ್ಟಲಿಲ್ಲ. ಬೋಣಿಯಾಗಲಿಲ್ಲವೆಂದು ಮುಟ್ಟಲಿಲ್ಲ. 'ಭೈರೋಬಾ, ಅವರನ್ನು ಏರಿನ ಬುಡದಲ್ಲೇ ನಿಲ್ಲಿಸಪ್ಪಾ, ಟೈರು ಪಂಕ್ಚರ್ ಮಾಡಪ್ಪಾ,' ಎಂದು ಬಾಯಿಬಿಟ್ಟು ಬೇಡಿಕೊಂಡ. ಇನ್ನೊಬ್ಬರ ಗಾಡಿ ಕೆಡಲೆಂದು ಅವನು ದೇವರನ್ನು ಬೇಡಿದ್ದು ಅದೇ ಮೊದಲು.

ಏರಿನ ಬುಡದಲ್ಲಿ ಯಾರೂ ಇರಲಿಲ್ಲ. ಕಾಲುವೆಯಲ್ಲಿ ನೀರು ಸುಮ್ಮನೆ ಹರಿಯುತ್ತಿತ್ತು. ಅದನ್ನು ಕಂಡು ಒಂದು ಉಸಿರು ಹಗುರಾಯಿತು. ಮೇಲಿನಿಂದ ಹಾಡು ಕೇಳಿಸಿದಾಗ ಇನ್ನೊಂದು ಉಸಿರು ಬಿಗಿಯಾಯಿತು.

ಎರಡನೆಯ ತಿರುವಿನಲ್ಲಿ ಕಂಡರು. ಟ್ರ್ಯಾಕ್ಟರು ಹೊಗೆ ಉಗುಳುತ್ತ ಆಮೆಯಂತೆ ಏರುತ್ತಿತ್ತು. ಹೆಂಗಸರು, ಮಕ್ಕಳೆಲ್ಲ ಇಳಿದು ನಡೆಯುತ್ತಿದ್ದರು. ಮಥುರಾ ಹಟ ಹಿಡಿದು ಇಳಿಸಿದ್ದಳೆಂದು ಆಮೇಲೆ ತಿಳಿಯಿತು. ಆದರೆ ನಡೆಯುತ್ತಿದ್ದದ್ದು ಎಲ್ಲಿ? ಟ್ರಾಲಿಯ ನೇರ ಹಿಂದೆ. ಗಾಡಿ ಜಾರಿದರೆ ಚಕ್ರಕ್ಕೆ ಕೊಡೋಣವೆಂದು ಕೈಯಲ್ಲಿ ಒಂದೊಂದು ಕಲ್ಲು ಹಿಡಿದು, ಜಾರಿದರೆ ಮೊದಲು ತಾವೇ ಸಿಕ್ಕುವಲ್ಲಿ. ಮುದುಕಿಯೊಬ್ಬಳು ಮಾತ್ರ ಮೇಲೆಯೇ ಇದ್ದಳು, ಆಡಿನ ಮರಿಯೊಡನೆ.

"ಬಾಜೂ ಸರೀರಿ! ಹಿಂದ ಯಾರೂ ಇರಬ್ಯಾಡ್ರಿ! ಹುಡುಗರನ್ನ ಎಳಕೋರಿ!"

ಮೊಪೆಡ್ಡು ಅಲ್ಲೇ ಬಿದ್ದಿತು. ಮಥುರಾ ತಿರುಗಿ ನೋಡಿ, ಅಂಗಡಿಯವನ ಮುಖದಲ್ಲಿ ಏನು ಕಂಡಳೋ, ಒಂದು ಮಾತೂ ಕೇಳದೆ ಎರಡು ಮಕ್ಕಳನ್ನು ರೆಟ್ಟೆ ಹಿಡಿದು ರಸ್ತೆಯ ಅಂಚಿಗೆ ಎಳೆದಳು. ಉಳಿದವರೂ ಸರಿದರು. ಜೋತಿರಾಮ ಟ್ರಾಲಿಯ ಪಕ್ಕದಲ್ಲಿ ಓಡುತ್ತ ಬಗ್ಗಿ ಕೊಂಡಿ ನೋಡಿದ. ಪಿನ್ನು ಬಿಲ್ಲಿನಂತೆ ಬಾಗಿತ್ತು. ಸುತ್ತಿದ ಚಿಂದಿ ಹರಿದು ನೇತಾಡುತ್ತಿತ್ತು. ಕೆಳಗಿನ ಕೀಲು ಇರಲೇ ಇಲ್ಲ. ಬಾಗಿದ್ದಕ್ಕೇ ಸಿಕ್ಕಿಕೊಂಡು ನಿಂತಿತ್ತು, ಅಷ್ಟೇ.

"ಬಾಯಿ, ದೊಡ್ಡ ಕಲ್ಲು! ಎರಡೂ ಕಡೆ, ಗಾಲೀ ಬೆನ್ನಿಗೇ ಹಿಡಕೊಂಡು ನಡೀರಿ. ಬಾಜೂ ನಿಂತು ಹಾಕ್ರಿ. ನಾ ಕೈ ಮಾಡಿದಾಗ."

ಅವನು ಮುಂದೆ ಓಡಿ ಡ್ರೈವರನ ಎದುರಿಗೆ ಎರಡೂ ಕೈ ಎತ್ತಿದ. ಹಾಡಿನ ಗದ್ದಲದಲ್ಲಿ ಅಂಬಾದಾಸ ಏನೋ ಬೈದ. ತುಟಿ ಆಡಿದ್ದಷ್ಟೇ ಕಂಡಿತು. ಬ್ರೇಕು ಒತ್ತಿದ. ಜೋತಿರಾಮನ ಕೈ ಇಳಿದ ಕ್ಷಣಕ್ಕೆ ಹೆಂಗಸರು ಕಲ್ಲು ಕೊಟ್ಟರು. ಹಿಂದಿನ ಟ್ರಾಲಿ ಒಂದು ಗೇಣು ಹಿಂದಕ್ಕೆ ಹೋಯಿತು, ಕಲ್ಲಿನ ಮೇಲೆ ಗಕ್ಕೆಂದು ಕುಳಿತಿತು. ಕೊಂಡಿಯಲ್ಲಿ ಪಿನ್ನಿನ ತಲೆ ಎರಡು ಬೆರಳು ಮೇಲಕ್ಕೆದ್ದು, ವಾಲಿ, ಅಲ್ಲೇ ನಿಂತಿತು.

ಮಥುರಾ ಇನ್ನೊಂದು ಕಲ್ಲು ತಂದು ಚಕ್ರಕ್ಕೆ ಒತ್ತಿದಳು.

"ಯಾಕ ನಿಂತೀರಿ? ಊರು ಬಂತೇನ್ರೇ?" ಎಂದಳು ಮೇಲಿನಿಂದ ಮುದುಕಿ.

ಮಥುರಾ ಟ್ರಾಲಿ ಹತ್ತಿ ಅತ್ತೆಯನ್ನು ಮಗುವಿನಂತೆ ಎತ್ತಿ ಇಳಿಸಿದಳು. ಮುದುಕಿ ಆಡಿನ ಮರಿ ಬಿಡಲಿಲ್ಲ. ಎರಡೂ ಒಟ್ಟಿಗೆ ಇಳಿದವು. ಅಂಬಾದಾಸ ಇಂಜಿನು ಹಾಗೇ ಬಿಟ್ಟು, ಕಬ್ಬಿನ ಮೇಲೆ ಕೂತಿದ್ದ ತಮ್ಮನನ್ನು ಕರೆದು ಬ್ರೇಕು ಒತ್ತಿ ಹಿಡಿಯಲು ಕೂರಿಸಿ, ಬೈಯುತ್ತಲೇ ಹಿಂದಕ್ಕೆ ಬಂದ.

"ಏರಿನಾಗ ಗಾಡಿ ನಿಂದ್ರಸ್ತಾರೇನೋ? ತಲಿ ಕೆಟ್ಟೈತೇನು ನಿನಗ? ನಿನ್ನಿ ದೊಗಳಿ ಪಿನ್ನು ಕೊಟ್ಟಿ, ಮುಂಜಾನಿ ಹೆಂಡ್ತೀನ ತಿರುಗಿ ಕಳಿಸಿದಿ, ಈಗ..."

ಜೋತಿರಾಮ ಬರೀ ಬೆರಳು ತೋರಿಸಿದ. ಅಂಬಾದಾಸ ಕೊಂಡಿ ನೋಡಿದ. ಇಳಿಜಾರು ನೋಡಿದ, ಕಾಲುವೆ ನೋಡಿದ. ಆಮೇಲೆ ಬಿಸಿ ಡಾಂಬರಿನ ಮೇಲೆ ಹಾಗೇ ಕುಕ್ಕರಿಸಿದ.

"ತಪ್ಪು ನಂದು," ಎಂದ ಜೋತಿರಾಮ. "ಹಳೇದು ನಡುವ ಸವದಿತ್ತು. ಸವದಲ್ಲೇ ಅಳತಿ ಹಿಡಿದು ಕೊಟ್ಟೆ. ಈಗ ಏಳು, ಕೈ ಹಚ್ಚು. ಬೈಯೂದು ಆಮ್ಯಾಲ ಐತಿ."

ಕಲ್ಲುಗಳಿಗೆ ಇನ್ನಷ್ಟು ಕಲ್ಲು ಕೊಟ್ಟರು. ಟ್ರ್ಯಾಕ್ಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟು ಕೊಂಡಿಯ ಬಿಗಿ ಕಳೆದರು. ಬಾಗಿದ ಪಿನ್ನು ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ಜೋತಿರಾಮ ಟ್ರಾಲಿಯ ಕೆಳಗೆ ಅಂಗಾತ ಮಲಗಿ ಕೆಳಗಿನಿಂದ ಸುತ್ತಿಗೆ ಹೊಡೆದ. ಮಣ್ಣು, ಗ್ರೀಸು, ಕೋಳಿಯ ಪುಕ್ಕ ಮುಖದ ಮೇಲೆ ಉದುರಿತು. ಕೊನೆಗೊಮ್ಮೆ ಪಿನ್ನು ಚಂಗನೆ ಹಾರಿ ರಸ್ತೆಗೆ ಬಿತ್ತು. ಹೊಸದನ್ನು ಅಂಬಾದಾಸ ಮೇಲಿನಿಂದ ಇಳಿಸಿದ. ಅದು ತೂತಿನಲ್ಲಿ ಮೆಲ್ಲಗೆ, ತುಂಬಿಕೊಂಡು, ಅಲುಗದೆ ಕುಳಿತಿತು. ಕೀಲು ಸಿಕ್ಕಿಸಿ ಜೋತಿರಾಮ ಎದೆಯ ಮೇಲೆ ಸುತ್ತಿಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಮಲಗಿದ್ದ.

ಹೊರಗೆ ಬಂದಾಗ ಮಥುರಾ ಬಾಗಿದ ಪಿನ್ನನ್ನು ಅವನ ಮುಂದೆ ಹಿಡಿದಳು. "ಈಗರ ತಗೋತಿಯೋ ದಾದಾ, ಇಲ್ಲಾ ಇನ್ನೂ ಬೋಣಿ ಆಗಬೇಕೋ?"

ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ಕೊಂಕು. ಅವನು ಎರಡೂ ಕೈ ಚಾಚಿ ತೆಗೆದುಕೊಂಡ.

"ನನ್ನೂ ಬೈಯಿರಿ," ಎಂದಳು ಅವಳೇ. "ಒಂದು ಬೋಲ್ಟು ಕೊಂಡಿದ್ರ ಮುಗೀತಿತ್ತು. ಶನಿ ಬರತಾನ ಅಂತ ಅಂಜಿದೆ. ಯಮನ್ನ ಕಟ್ಟಿಕೊಂಡು ಹೊಂಟಿದ್ದೆ."

"ಇಬ್ಬರೂ ಕೂಡೇ ಬೈಸಿಕೊಳ್ಳೂನು ತಗೋ," ಎಂದ ಜೋತಿರಾಮ, ಮುಖ ಒರೆಸಿಕೊಳ್ಳುತ್ತ. "ನಿನ್ನ ಗಂಡಗ ಒಂದ ಸಲಕ್ಕ ಮುಗೀತೈತಿ."

ಟ್ರ್ಯಾಕ್ಟರು ಮತ್ತೆ ಹೊರಟಿತು. ಈ ಸಲ ಯಾರೂ ಹಿಂದೆ ನಡೆಯಲಿಲ್ಲ. ಎಲ್ಲರೂ ಅಂಚು ಹಿಡಿದು, ಕೊಂಡಿಯ ಮೇಲೇ ಕಣ್ಣು ನೆಟ್ಟು ಏರಿದರು. ಎರಡು ಟ್ರಾಲಿಗಳು ಒಂದೇ ಮೈಯಂತೆ ಸಾಗಿದವು. ಜಗ್ಗಾಟವಿಲ್ಲ, ಗುದ್ದಾಟವಿಲ್ಲ. ಮೊಪೆಡ್ಡು ತಳ್ಳಿಕೊಂಡು ಪಕ್ಕದಲ್ಲೇ ನಡೆದ ಜೋತಿರಾಮ, ಕೊನೆಯ ಚಕ್ರ ನೆತ್ತಿಯ ಸಮತಟ್ಟಿಗೆ ಏರಿದ ಮೇಲೆಯೇ ಅದರಿಂದ ಕಣ್ಣು ತೆಗೆದ. ಭೈರೋಬಾನ ಗುಡಿಯ ಮುಂದಿನ ಬೇವಿನ ನೆರಳಿನಲ್ಲಿ ಗಾಡಿ ನಿಂತಿತು. ಇಂಜಿನು ಮಾತ್ರ ಗುಡುಗುಡು ಅನ್ನುತ್ತಲೇ ಇತ್ತು. ಯಾರೋ ಹಾಡು ನಿಲ್ಲಿಸಿದರು. ಬೆಟ್ಟದ ಗಾಳಿಯ ಸಪ್ಪಳ ಆಗ ಕೇಳಿಸಿತು.

ಗಂಟು ಬಿಚ್ಚಿದರು. ಸಜ್ಜೆಯ ಭಕ್ರಿ, ಹಸಿಮೆಣಸಿನ ಖಾರ, ಕಲ್ಲಿನ ಮೇಲೆ ಗುದ್ದಿದ ಉಳ್ಳಾಗಡ್ಡಿ. ಅಂಬಾದಾಸ ಜೋತಿರಾಮನ ತೋಳು ಹಿಡಿದು ತನ್ನ ಪಕ್ಕ ಕೂರಿಸಿಕೊಂಡ. ಬೈಯುವುದು ಬಾಕಿಯಿದ್ದದ್ದು ಅವನಿಗೆ ಮರೆತೇ ಹೋಗಿತ್ತು, ಅಥವಾ ನೆನಪಿದ್ದೂ ಬಿಟ್ಟಿದ್ದ. "ಕೈ ಕಪ್ಪಾಗ್ಯಾವಲ್ಲೋ ಭಾವೂ," ಎಂದ. "ಹಂಗ ತಿನ್ನು. ಗ್ರೀಸು ತಿಂದ್ರ ಕೀಲು ಸಡಿಲ ಆಗ್ತಾವಂತ."

"ಸಡಿಲ ಅನ್ನಬ್ಯಾಡೋ ಮಾರಾಯಾ," ಎಂದು ಜೋತಿರಾಮ ಕೈ ಮುಗಿದ. ಎಲ್ಲರೂ ನಕ್ಕರು. ನಗು ಬೇಕಿದ್ದದ್ದಕ್ಕಿಂತ ಹೆಚ್ಚು ಹೊತ್ತು ನಡೆಯಿತು.

ಮೊದಲ ತುತ್ತು ಬಾಯಿಗಿಡುವಾಗ ಕಿಸೆಯಲ್ಲಿ ಫೋನು ಕೂಗಿತು. ಭೂಪಾಲಣ್ಣ.

"ಎಲ್ಲಿ ಸತ್ತೀಯೋ? ಅಂಗಡಿಗೆ ಫೋನ್ ಮಾಡಿದ್ರ ಚಹಾದ ದಸ್ತಗೀರ ಎತ್ತಿ, ಏನು ಬೇಕ್ರಿ ಸಾಹೇಬ್ರ ಅಂತಾನ!"

ಜೋತಿರಾಮ ಎದ್ದು ಸ್ವಲ್ಪ ದೂರ ಹೋಗಿ ಹೇಳಿದ. ಸವೆದ ಪಿನ್ನು, ಬೋಣಿ, ಮೆಟ್ಟಿಲ ಮೇಲೆ ಕಾದ ಹೆಂಗಸು, ಏರು, ಏನೂ ಮುಚ್ಚಿಡಲಿಲ್ಲ. ಆ ಕಡೆಯಿಂದ ಬಾಹುಬಲಿ ಬೆಟ್ಟದ ಗಂಟೆಯ ಸಪ್ಪಳ ಬರುತ್ತಿತ್ತು. ಬೈಗುಳಕ್ಕೆ ತಲೆ ಬಗ್ಗಿಸಿ ಕಾದ.

"ಮುದುಕಿ?" ಎಂದ ಭೂಪಾಲಣ್ಣ.

"ಭಕ್ರಿ ತಿನ್ನಾಕತ್ತಾಳ್ರಿ."

"ಹುಡುಗ್ರು?"

"ಆಡಿನ ಮರಿ ಬೆನ್ನ ಹತ್ತ್ಯಾರ್ರಿ. ಅದು ಗುಡಿಯೊಳಗ ಹೊಕ್ಕೈತಿ."

ಭೂಪಾಲಣ್ಣ ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಹಂಗಾರ ನೀನೂ ತಿಂದು ನಿಧಾನ ಬಾ," ಎಂದು ಫೋನು ಇಟ್ಟ.

ಜೋತಿರಾಮ ಹಿಂತಿರುಗಿ ಬಂದು ಕುಳಿತ. ಅವನು ಎದ್ದು ಹೋದಷ್ಟರಲ್ಲಿ ಮಥುರಾ ಅವನ ಭಕ್ರಿಯ ಮೇಲೆ ಇನ್ನೂ ಅರ್ಧ ಭಕ್ರಿ ಇಟ್ಟಿದ್ದಳು. ಬೇಡವೆನ್ನಬೇಕೆಂದು ಅವನಿಗೆ ಅನಿಸಲಿಲ್ಲ. ಹಸಿವೆ ಆಗಿತ್ತು.